ಉತ್ತಮ ಕ್ರೀಡಾಪಟುವಿನ ಮನೋಧರ್ಮ ಮತ್ತು ದಿನಚರಿ: ಪ್ರಕಾಶ್ ಪಡುಕೋಣೆಯವರ ಮಾದರಿಯಲ್ಲಿ ಒಂದು ಪರಿಚಯ

ಹೊರನಾಡಿನಲ್ಲಿ ನೆಲೆಸಿರುವ ನಮ್ಮ ಕನ್ನಡ ಕುಟುಂಬಗಳಲ್ಲಿ ಮಕ್ಕಳನ್ನು ಆಟದ ತರಬೇತಿಗೆ ಸೇರಿಸುವ ಪರಿಪಾಠ ಈಚಿನ ವರ್ಷಗಳಲ್ಲಿ ಹೆಚ್ಚಿದೆ. ಬ್ಯಾಡ್ಮಿಂಟನ್, ಈಜು, ಕ್ರಿಕೆಟ್, ಚದುರಂಗ, ಟೇಬಲ್ ಟೆನಿಸ್ ಹೀಗೆ ಒಂದಲ್ಲ ಒಂದು ಆಟವನ್ನು ಕಲಿಯದ ಮಗು ಅಪರೂಪ. ಆದರೆ ಎಂಟನೆಯ ತರಗತಿಯವರೆಗೆ ಉತ್ಸಾಹದಿಂದ ಆಡಿದ ಮಗು ಒಂಬತ್ತು ಅಥವಾ ಹತ್ತನೆಯ ತರಗತಿಗೆ ಬಂದೊಡನೆ ರ್‍ಯಾಕೆಟ್ಟನ್ನು ಅಟ್ಟದ ಮೇಲೆ ಇಡುವುದೂ ಅಷ್ಟೇ ಸಾಮಾನ್ಯವಾಗಿದೆ. ಇದಕ್ಕೆ ಪರೀಕ್ಷೆಯ ಒತ್ತಡವನ್ನು ಕಾರಣವೆಂದು ಹೇಳುತ್ತೇವೆ. ಅದು ನಿಜವಾದರೂ ಪೂರ್ಣ ನಿಜವಲ್ಲ. ಆಟವನ್ನು ದಿನಚರಿಯ ಅಂಗವಾಗಿ, ಮನಸ್ಸಿನ ಶಿಕ್ಷಣವಾಗಿ ನಾವು ನೋಡದೆ, ಪದಕ ತರುವ ಇಲ್ಲವೇ ಬಿಡುವಿನ ವೇಳೆ ಕಳೆಯುವ ಸಾಧನವಾಗಿ ಮಾತ್ರ ನೋಡಿದುದೂ ಒಂದು ಮುಖ್ಯ ಕಾರಣ. ಪದಕ ಬಾರದಿದ್ದಾಗ, ಬಿಡುವು ಇಲ್ಲದಿದ್ದಾಗ ಆಟವೇ ನಿಂತುಹೋಗುತ್ತದೆ.

ಕ್ರೀಡಾಪಟುವಾಗಲು ಬೇಕಾದ ಮನೋಧರ್ಮ ಯಾವುದು, ಅದನ್ನು ದಿನನಿತ್ಯದ ಯಾವ ಅಭ್ಯಾಸಗಳಿಂದ ರೂಢಿಸಿಕೊಳ್ಳಬಹುದು, ಮನೆಯವರು ಯಾವ ರೀತಿ ನೆರವಾಗಬಹುದು ಎಂಬ ವಿಷಯಗಳನ್ನು ಓದುಗರ ಉಪಯೋಗಕ್ಕಾಗಿ ಒಂದೆಡೆ ಸಂಗ್ರಹಿಸುವುದು ಈ ಲೇಖನದ ಉದ್ದೇಶ. ವಿಷಯವನ್ನು ಬರಿಯ ಉಪದೇಶವಾಗಿಸದೆ, ಕನ್ನಡ ನಾಡಿನ ಒಬ್ಬ ಹಿರಿಯ ಆಟಗಾರರ ಬದುಕನ್ನು ಮುಂದಿಟ್ಟುಕೊಂಡು ವಿವರಿಸಲು ಪ್ರಯತ್ನಿಸಿದ್ದೇವೆ.

ಮದುವೆ ಛತ್ರದಿಂದ ವೆಂಬ್ಲಿಯವರೆಗೆ

ಪ್ರಕಾಶ್ ಪಡುಕೋಣೆಯವರು ಜನಿಸಿದ್ದು 1955ರ ಜೂನ್ 10ರಂದು. ಅವರ ತಂದೆ ರಮೇಶ್ ಪಡುಕೋಣೆಯವರು ಅಂದಿನ ಮೈಸೂರು ಬ್ಯಾಡ್ಮಿಂಟನ್ ಸಂಸ್ಥೆಯ ಕಾರ್ಯದರ್ಶಿಗಳಾಗಿದ್ದವರು. ಮಗನಿಗೆ ಆಟದ ಮೊದಲ ಪಾಠ ದೊರೆತದ್ದು ಅವರಿಂದಲೇ. ಆ ಕಾಲದ ಬೆಂಗಳೂರಿನಲ್ಲಿ ಇಂದಿನಂತೆ ಒಳಾಂಗಣ ಕ್ರೀಡಾಂಗಣಗಳು ಇರಲಿಲ್ಲ. ಮಲ್ಲೇಶ್ವರದ ಕೆನರಾ ಯೂನಿಯನ್ ಸಭಾಂಗಣವೇ ಬಾಲಕ ಪ್ರಕಾಶರ ಅಂಕಣ. ಅದು ಮದುವೆ ಮುಂತಾದ ಸಮಾರಂಭಗಳು ನಡೆಯುವ ಸ್ಥಳ. ಆ ದಿನ ಸಮಾರಂಭವಿದೆಯೇ ಇಲ್ಲವೇ ಎಂದು ಮೊದಲು ವಿಚಾರಿಸಬೇಕು. ಇಲ್ಲವೆಂದಾದರೆ ಶಾಲೆ ಬಿಟ್ಟೊಡನೆ ಓಡಿಹೋಗಿ ಆಡಬೇಕು. ಇದು ಅವರೇ ಹಲವು ಬಾರಿ ನೆನಪಿಸಿಕೊಂಡಿರುವ ಸಂಗತಿ.

1962ರಲ್ಲಿ ಅವರು ರಾಜ್ಯದ ಕಿರಿಯರ ಪಂದ್ಯಾವಳಿಯಲ್ಲಿ ಮೊದಲ ಬಾರಿಗೆ ಸ್ಪರ್ಧಿಸಿ ಮೊದಲ ಸುತ್ತಿನಲ್ಲೇ ಸೋತರು. ಎರಡು ವರ್ಷಗಳ ನಂತರ ಅದೇ ಪ್ರಶಸ್ತಿಯನ್ನು ಗೆದ್ದರು. ಹದಿಹರೆಯದಲ್ಲೇ ರಾಷ್ಟ್ರೀಯ ಹಿರಿಯರ ಪಟ್ಟವನ್ನೇರಿ, 1971ರಿಂದ 1979ರವರೆಗೆ ಸತತ 9 ವರ್ಷ ಅದನ್ನು ಉಳಿಸಿಕೊಂಡರು. 1978ರಲ್ಲಿ ಕೆನಡಾದ ಎಡ್ಮಂಟನ್‌ನಲ್ಲಿ ನಡೆದ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಚಿನ್ನದ ಪದಕ ಪಡೆದರು. 1980ರಲ್ಲಿ ಡೆನ್ಮಾರ್ಕ್ ಮತ್ತು ಸ್ವೀಡನ್ ಓಪನ್‌ಗಳನ್ನು ಗೆದ್ದು, ಅದೇ ಮಾರ್ಚ್ 23ರಂದು ಲಂಡನ್ನಿನ ವೆಂಬ್ಲಿಯಲ್ಲಿ ಇಂಡೋನೇಷ್ಯಾದ ಲಿಯೆಮ್ ಸ್ವೀ ಕಿಂಗ್ ಅವರನ್ನು 15-3, 15-10ರಿಂದ ಮಣಿಸಿ ಆಲ್ ಇಂಗ್ಲೆಂಡ್ ಪ್ರಶಸ್ತಿ ಗೆದ್ದ ಮೊದಲ ಭಾರತೀಯರೆನಿಸಿದರು. 1981ರಲ್ಲಿ ವಿಶ್ವಕಪ್ಪನ್ನೂ, 1983ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕಂಚಿನ ಪದಕವನ್ನೂ ಪಡೆದರು.

ಈ ಅಂಕಿಅಂಶಗಳಲ್ಲಿ ನಮ್ಮ ವಿಷಯಕ್ಕೆ ಮುಖ್ಯವಾದವು ಮೂರು. ಮೊದಲನೆಯದು, ಸೌಲಭ್ಯದ ಕೊರತೆಯನ್ನು ನೆಪವಾಗಿಸದೆ ಇದ್ದ ಸ್ಥಳವನ್ನು ಬಳಸಿಕೊಂಡದ್ದು. ಎರಡನೆಯದು, ಮೊದಲ ಸೋಲಿಗೂ ಮೊದಲ ಗೆಲುವಿಗೂ ನಡುವೆ ಎರಡು ವರ್ಷಗಳ ಮೌನ ದುಡಿಮೆ. ಮೂರನೆಯದು, 1971ರ ಹೊತ್ತಿಗೆ ತಮ್ಮ ಆಟದ ಶೈಲಿಯನ್ನೇ ಹೆಚ್ಚು ಆಕ್ರಮಣಕಾರಿಯಾಗಿ ಬದಲಿಸಿಕೊಂಡದ್ದು. ಆಲ್ ಇಂಗ್ಲೆಂಡ್ ಗೆದ್ದ ಬಳಿಕವೂ ಕಲಿಕೆ ಮುಗಿಯಿತೆಂದು ಭಾವಿಸದೆ ಡೆನ್ಮಾರ್ಕಿಗೆ ತೆರಳಿ, ಮಾರ್ಟೆನ್ ಫ್ರಾಸ್ಟ್‌ರಂತಹ ಐರೋಪ್ಯ ಆಟಗಾರರೊಡನೆ ಅಭ್ಯಾಸ ಮಾಡಿದ್ದು. ಶಿಖರ ಮುಟ್ಟಿದ ಮೇಲೂ ವಿದ್ಯಾರ್ಥಿಯಾಗಿ ಉಳಿಯುವ ಗುಣವೇ ಉತ್ತಮ ಕ್ರೀಡಾಪಟುವಿನ ಮನೋಧರ್ಮದ ತಿರುಳು.

ಮನೋಧರ್ಮ ಎಂದರೇನು?

ಅಮೆರಿಕದ ಮನಶ್ಶಾಸ್ತ್ರಜ್ಞೆ ಕ್ಯಾರಲ್ ಡ್ವೆಕ್ ಅವರು 2006ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಮನೋಭಾವವನ್ನು ಎರಡು ಬಗೆಯಾಗಿ ವಿಂಗಡಿಸಿದ್ದಾರೆ. ಸಾಮರ್ಥ್ಯವೆಂಬುದು ಹುಟ್ಟಿನಿಂದ ಬಂದದ್ದು, ಅದು ಬದಲಾಗದು ಎಂದು ನಂಬುವವರದು ಒಂದು. ದುಡಿಮೆಯಿಂದ, ಸರಿಯಾದ ವಿಧಾನದಿಂದ, ಇತರರ ನೆರವಿನಿಂದ ಸಾಮರ್ಥ್ಯ ಬೆಳೆಯುತ್ತದೆ ಎಂದು ನಂಬುವವರದು ಇನ್ನೊಂದು. ಮೊದಲನೆಯವನಿಗೆ ಸೋಲು ತನ್ನ ಯೋಗ್ಯತೆಯ ಕುರಿತಾದ ತೀರ್ಪು. ಎರಡನೆಯವನಿಗೆ ಅದು ಮುಂದಿನ ಅಭ್ಯಾಸಕ್ಕೆ ದೊರೆತ ಸೂಚನೆ. ಈ ಮನೋಭಾವವೊಂದರಿಂದಲೇ ಎಲ್ಲವೂ ಸಾಧ್ಯ ಎಂದು ಭಾವಿಸಬೇಕಾಗಿಲ್ಲ. ಎತ್ತರ, ಸ್ನಾಯುಗಳ ಸ್ವಭಾವ, ಅವಕಾಶ ಇವೆಲ್ಲವೂ ಲೆಕ್ಕಕ್ಕೆ ಬರುತ್ತವೆ. ಆದರೆ ಇವುಗಳಲ್ಲಿ ಮಗುವಿನ ಕೈಯಲ್ಲಿರುವುದು ದುಡಿಮೆ ಮತ್ತು ವಿಧಾನ ಮಾತ್ರ.

ಇಲ್ಲಿಂದಲೇ ಎರಡನೆಯ ಸೂತ್ರ ಹುಟ್ಟುತ್ತದೆ. ಕ್ರೀಡಾಪಟು ತನ್ನ ಹಿಡಿತದಲ್ಲಿರುವುದನ್ನೂ ಇಲ್ಲದಿರುವುದನ್ನೂ ಬೇರ್ಪಡಿಸಿ ನೋಡಲು ಕಲಿಯಬೇಕು. ಎದುರಾಳಿಯ ಬಲ, ತೀರ್ಪುಗಾರರ ನಿರ್ಣಯ, ಸಭಿಕರ ಗದ್ದಲ, ಆಯ್ಕೆ ಸಮಿತಿಯ ತೀರ್ಮಾನ ನಮ್ಮ ಹಿಡಿತದಲ್ಲಿಲ್ಲ. ಸಮಯಕ್ಕೆ ಎದ್ದೇಳುವುದು, ಕಾಲ ಚಲನೆ, ಉಸಿರು, ಮುಂದಿನ ಹೊಡೆತದ ಆಯ್ಕೆ ನಮ್ಮ ಹಿಡಿತದಲ್ಲಿವೆ. ರಾಹುಲ್ ದ್ರಾವಿಡ್ ಅವರು ತಮ್ಮ 164 ಟೆಸ್ಟ್ ಪಂದ್ಯಗಳಲ್ಲಿ 31,258 ಎಸೆತಗಳನ್ನು ಎದುರಿಸಿದರು. ಅಷ್ಟು ದೊಡ್ಡ ಸಂಖ್ಯೆಯನ್ನು ಯಾರೂ ಒಮ್ಮೆಗೇ ಎದುರಿಸಲಾರರು. ಪ್ರತಿ ಬಾರಿಯೂ ಒಂದೇ ಎಸೆತವನ್ನು ಮಾತ್ರ ಎದುರಿಸಬಹುದು. ಹನಿಹನಿಗೂಡಿದರೆ ಹಳ್ಳ ಎಂಬ ನಮ್ಮ ಗಾದೆಗೆ ಇದಕ್ಕಿಂತ ಉತ್ತಮ ನಿದರ್ಶನ ಬೇಕಿಲ್ಲ.

ಗುರಿಗಳನ್ನು ಇಟ್ಟುಕೊಳ್ಳುವಾಗಲೂ ಈ ವಿವೇಕ ಅಗತ್ಯ. 'ಈ ವರ್ಷ ಜಿಲ್ಲಾ ಪ್ರಶಸ್ತಿ ಗೆಲ್ಲುತ್ತೇನೆ' ಎಂಬುದು ಫಲದ ಗುರಿ. 'ಈ ತಿಂಗಳು ಹಿಂಗೈ ಹೊಡೆತವನ್ನು ದಿನಕ್ಕೆ 100 ಬಾರಿ ಅಭ್ಯಸಿಸುತ್ತೇನೆ' ಎಂಬುದು ಕ್ರಮದ ಗುರಿ. ಮೊದಲನೆಯದು ದಿಕ್ಕು ತೋರಿಸಲು ಇರಲಿ. ದಿನದಿನವೂ ನಡೆಸಬೇಕಾದದ್ದು ಎರಡನೆಯದು.

ಅಭ್ಯಾಸದ ಪ್ರಮಾಣ ಮತ್ತು ಗುಣ

ಹತ್ತು ಸಾವಿರ ಗಂಟೆ ಅಭ್ಯಾಸ ಮಾಡಿದರೆ ಯಾರು ಬೇಕಾದರೂ ಪ್ರವೀಣರಾಗುತ್ತಾರೆ ಎಂಬ ಮಾತು ಬಹಳ ಪ್ರಚಾರದಲ್ಲಿದೆ. 2008ರಲ್ಲಿ ಪ್ರಕಟವಾದ ಮಾಲ್ಕಮ್ ಗ್ಲಾಡ್‌ವೆಲ್ ಅವರ ಜನಪ್ರಿಯ ಗ್ರಂಥದಿಂದ ಅದು ಹಬ್ಬಿತು. ಅದಕ್ಕೆ ಮೂಲವಾದದ್ದು ಆಂಡರ್ಸ್ ಎರಿಕ್ಸನ್ ಮತ್ತು ಸಂಗಡಿಗರು ಬರ್ಲಿನ್ನಿನ ಪಿಟೀಲು ವಿದ್ಯಾರ್ಥಿಗಳನ್ನು ಕುರಿತು 1993ರಲ್ಲಿ ಪ್ರಕಟಿಸಿದ ಅಧ್ಯಯನ. ಎರಿಕ್ಸನ್ ಅವರು ಒತ್ತಿಹೇಳಿದ್ದು ಗಂಟೆಗಳ ಮೊತ್ತವನ್ನಲ್ಲ, ಅಭ್ಯಾಸದ ಬಗೆಯನ್ನು. ತನಗೆ ಬಾರದ ಒಂದು ಅಂಶವನ್ನು ಆರಿಸಿ, ಗುರುವಿನ ಮೇಲ್ವಿಚಾರಣೆಯಲ್ಲಿ, ಪೂರ್ಣ ಗಮನವಿಟ್ಟು, ತಪ್ಪನ್ನು ಆಗಿಂದಾಗ್ಗೆ ತಿದ್ದಿಕೊಳ್ಳುತ್ತ ಮಾಡುವ ದುಡಿಮೆಯೇ ಉದ್ದೇಶಪೂರ್ವಕ ಅಭ್ಯಾಸ. ಬಂದದ್ದನ್ನೇ ಮತ್ತೆ ಮತ್ತೆ ಆಡಿ ಬೆವರು ಸುರಿಸುವುದು ವ್ಯಾಯಾಮವಾದೀತು, ಕಲಿಕೆಯಾಗದು.

ನಮ್ಮ ಸಂಗೀತ ಪರಂಪರೆಯಲ್ಲಿ ಇದು ಹೊಸ ವಿಚಾರವೇನೂ ಅಲ್ಲ. ಸರಳೆ, ಜಂಟಿ, ಅಲಂಕಾರಗಳನ್ನು ಮೂರು ಕಾಲಗಳಲ್ಲಿ ಹಾಡಿಸುವ ಗುರುಗಳು ಶಿಷ್ಯ ತಪ್ಪಿದ ಕಡೆಯೇ ನಿಲ್ಲಿಸಿ ಮತ್ತೆ ಹೇಳಿಸುತ್ತಾರೆ. ಮಕ್ಕಳನ್ನು ಸಂಗೀತಕ್ಕೆ ಕಳುಹಿಸಿರುವ ತಾಯ್ತಂದೆಯರಿಗೆ ಆಟದ ಅಭ್ಯಾಸ ಹೇಗಿರಬೇಕೆಂಬುದು ಈ ಹೋಲಿಕೆಯಿಂದ ಸುಲಭವಾಗಿ ತಿಳಿದೀತು.

ಅಭ್ಯಾಸದ ದಿನಚರಿ ಪುಸ್ತಕವೊಂದನ್ನು ಇಡುವುದು ಬಹು ಉಪಯುಕ್ತ. ಬ್ಯಾಂಕಿನಲ್ಲಿ ದುಡಿಯುವ ನಮ್ಮಂಥವರಿಗೆ ದಿನದ ಲೆಕ್ಕವನ್ನು ದಿನವೇ ತಾಳೆ ನೋಡುವುದು ರೂಢಿ. ಇಂದಿನ ವ್ಯತ್ಯಾಸವನ್ನು ನಾಳೆಗೆ ಬಿಟ್ಟರೆ ಅದನ್ನು ಹುಡುಕುವುದು ಕಷ್ಟ. ಆಟಕ್ಕೂ ಇದೇ ನ್ಯಾಯ. ಪ್ರತಿ ರಾತ್ರಿ ಐದು ನಿಮಿಷದಲ್ಲಿ ನಾಲ್ಕು ಸಾಲು ಸಾಕು: ಇಂದು ಏನನ್ನು ಅಭ್ಯಸಿಸಿದೆ, ಯಾವುದು ಚೆನ್ನಾಗಿ ಬಂತು, ಯಾವುದು ಬರಲಿಲ್ಲ, ನಾಳೆ ಏನು ಮಾಡಬೇಕು. ನಿದ್ರೆಯ ಗಂಟೆಗಳನ್ನೂ ಮೈನೋವನ್ನೂ ಅದರಲ್ಲೇ ಗುರುತಿಸಬಹುದು. ಆರು ತಿಂಗಳ ನಂತರ ಈ ಪುಸ್ತಕವನ್ನು ತಿರುವಿಹಾಕಿದರೆ, ಸೋತ ದಿನಗಳಲ್ಲೂ ತಾನು ಮುಂದೆ ಸಾಗಿದ್ದೇನೆಂಬುದಕ್ಕೆ ಮಗುವಿಗೆ ಬರಹದ ಸಾಕ್ಷಿ ದೊರೆಯುತ್ತದೆ.

ಅಭ್ಯಾಸ ಬೇರೂರಲು ಎಷ್ಟು ಕಾಲ ಬೇಕು?

ಹೊಸ ಅಭ್ಯಾಸಕ್ಕೆ 21 ದಿನ ಸಾಕೆಂಬ ನಂಬಿಕೆ ಜನರಲ್ಲಿದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ಸಹೋದ್ಯೋಗಿಗಳು 96 ಮಂದಿಯನ್ನು ಗಮನಿಸಿ ನಡೆಸಿದ ಅಧ್ಯಯನವೊಂದು 2010ರಲ್ಲಿ ಮುದ್ರಿತವಾಯಿತು. ಹೊಸ ನಡವಳಿಕೆ ಯೋಚನೆಯಿಲ್ಲದೆ ತಾನಾಗಿ ನಡೆಯುವಂತಾಗಲು ಸಾಮಾನ್ಯವಾಗಿ 66 ದಿನಗಳ ಆಸುಪಾಸು ಬೇಕಾಯಿತೆಂದೂ, ವ್ಯಕ್ತಿ ಮತ್ತು ಅಭ್ಯಾಸಕ್ಕನುಗುಣವಾಗಿ ಅದು 18ರಿಂದ 254 ದಿನಗಳವರೆಗೆ ವ್ಯತ್ಯಾಸವಾಗುತ್ತಿತ್ತೆಂದೂ ಅದರಿಂದ ತಿಳಿದುಬಂದಿತು. ನಡುವೆ ಒಂದು ದಿನ ತಪ್ಪಿದರೆ ಹೆಚ್ಚಿನ ಹಾನಿಯಿಲ್ಲ ಎಂಬುದೂ ಅದರ ಮುಖ್ಯ ಅಂಶ. ಆದ್ದರಿಂದ ಮೂರನೆಯ ವಾರದಲ್ಲಿ ಮಗು ಬೆಳಗ್ಗೆ ಏಳಲು ಹಿಂಜರಿದರೆ 'ಇವನಿಂದ ಆಗದು' ಎಂದು ಕೈಬಿಡಬಾರದು.

ಇನ್ನೊಂದು ಉಪಾಯವನ್ನು ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಸರ್ ಅವರು 1999ರ ಲೇಖನದಲ್ಲಿ ವಿವರಿಸಿದ್ದಾರೆ. 'ಇಂಥದ್ದು ನಡೆದರೆ ಇಂಥದ್ದು ಮಾಡುತ್ತೇನೆ' ಎಂದು ಮೊದಲೇ ನಿಶ್ಚಯಿಸಿಟ್ಟುಕೊಳ್ಳುವುದೇ ಆ ಉಪಾಯ. 'ಹಲ್ಲುಜ್ಜಿದ ಕೂಡಲೆ ಹತ್ತು ನಿಮಿಷ ಮೈಸಡಿಲಿಸುವ ವ್ಯಾಯಾಮ', 'ಮಳೆ ಬಂದು ಮೈದಾನ ನೆನೆದರೆ ಮನೆಯೊಳಗೇ ಹಗ್ಗದಾಟ', 'ಸತತ ಮೂರು ಅಂಕ ಕಳೆದುಕೊಂಡರೆ ಒಮ್ಮೆ ದೀರ್ಘ ಉಸಿರೆಳೆದು ಸರ್ವ್ ಸ್ವೀಕರಿಸುವುದು' ಇತ್ಯಾದಿ. ಮುಂಬೈಯ ಜುಲೈ ಮಳೆ, ಚೆನ್ನೈಯ ಮೇ ಬಿಸಿಲು, ದೆಹಲಿಯ ನವೆಂಬರ್ ಹೊಗೆಮಂಜು ಯಾವ ವರ್ಷವೂ ತಪ್ಪುವುದಿಲ್ಲ. ತಪ್ಪದೆ ಬರುವ ಅಡಚಣೆಗೆ ಮುಂಚೆಯೇ ಬದಲಿ ಏರ್ಪಾಡು ಇರಬೇಕು. ಗಾಳಿ ಬಹಳ ಕೆಟ್ಟಿರುವ ದಿನಗಳಲ್ಲಿ ಹೊರಗೆ ಓಡಿಸುವುದನ್ನು ನಿಲ್ಲಿಸುವುದು ಸೋಮಾರಿತನವಲ್ಲ, ವಿವೇಕ.

ನಿದ್ರೆ

ತರಬೇತಿಯಲ್ಲಿ ದಣಿದ ಸ್ನಾಯುಗಳು ಚೇತರಿಸಿಕೊಳ್ಳುವುದು ಮತ್ತು ಹಗಲು ಕಲಿತ ಚಲನೆಗಳು ಮಿದುಳಿನಲ್ಲಿ ನೆಲೆಗೊಳ್ಳುವುದು ಬಹುಮಟ್ಟಿಗೆ ನಿದ್ರೆಯಲ್ಲಿ. ಅಮೆರಿಕದ ನಿದ್ರಾ ವೈದ್ಯರ ಅಕಾಡೆಮಿಯು 6ರಿಂದ 12 ವರ್ಷದ ಮಕ್ಕಳಿಗೆ 9ರಿಂದ 12 ಗಂಟೆ, 13ರಿಂದ 18 ವರ್ಷದವರಿಗೆ 8ರಿಂದ 10 ಗಂಟೆ ನಿದ್ರೆ ಬೇಕೆಂದು ಹೇಳುತ್ತದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಚೆರಿ ಮಾಹ್ ಅವರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 11 ಮಂದಿ ಬ್ಯಾಸ್ಕೆಟ್‌ಬಾಲ್ ಆಟಗಾರರು 5ರಿಂದ 7 ವಾರ ರಾತ್ರಿ 10 ಗಂಟೆ ಹಾಸಿಗೆಯಲ್ಲಿ ಕಳೆಯಲು ಪ್ರಯತ್ನಿಸಿದರು. ಅವರ ಫ್ರೀ ಥ್ರೋ ನಿಖರತೆ ಶೇಕಡಾ 9ರಷ್ಟು ಹೆಚ್ಚಿತು. ಓಟದ ವೇಗವೂ ಸುಧಾರಿಸಿತು. ಚಿಕ್ಕ ಗುಂಪಿನ ಅಧ್ಯಯನವಾದರೂ ಅದರ ದಿಕ್ಕು ಸ್ಪಷ್ಟ.

ರಾತ್ರಿ 11ರವರೆಗೆ ಓದಿಸಿ ಬೆಳಗ್ಗೆ 5ಕ್ಕೆ ಎಬ್ಬಿಸಿ ಮೈದಾನಕ್ಕೆ ಅಟ್ಟುವುದರಿಂದ ಓದೂ ಕೆಡುತ್ತದೆ, ಆಟವೂ ಕೆಡುತ್ತದೆ. ಬೆಳಗ್ಗೆ ಬೇಗ ಎಬ್ಬಿಸುವ ನಿರ್ಧಾರ ರಾತ್ರಿ ಬೇಗ ಮಲಗಿಸುವ ನಿರ್ಧಾರದಿಂದಲೇ ಆರಂಭವಾಗಬೇಕು. ಅಂದರೆ ಮನೆಯ ಹಿರಿಯರ ಧಾರಾವಾಹಿಯ ವೇಳೆಯೂ ಬದಲಾಗಬೇಕು.

ಕೈಫೋನಿನ ವಿಷಯದಲ್ಲಿ ದೊಡ್ಡ ಆಟಗಾರರೇ ಮಾದರಿಯಾಗಿದ್ದಾರೆ. 2016ರ ರಿಯೊ ಒಲಿಂಪಿಕ್ಸ್‌ಗೆ ಮುನ್ನ ತರಬೇತುದಾರ ಪುಲ್ಲೇಲ ಗೋಪಿಚಂದ್ ಅವರು ಪಿ. ವಿ. ಸಿಂಧು ಅವರ ಫೋನನ್ನು ಸುಮಾರು ಮೂರು ತಿಂಗಳು ತೆಗೆದಿರಿಸಿದ್ದರು. ಸಿಂಧು ಬೆಳ್ಳಿ ಗೆದ್ದ ಮೇಲೆಯೇ ಅದು ಅವರ ಕೈಸೇರಿತು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಲಕ್ಷ್ಯ ಸೇನ್ ಅವರ ಫೋನನ್ನು ಪಂದ್ಯಗಳು ಮುಗಿಯುವವರೆಗೆ ತೆಗೆದಿಟ್ಟವರು ಪ್ರಕಾಶ್ ಪಡುಕೋಣೆಯವರೇ. ಒಲಿಂಪಿಕ್ ಆಟಗಾರರಿಗೆ ಅನ್ವಯಿಸುವ ನಿಯಮ ನಮ್ಮ ಮನೆಯ ಮಕ್ಕಳಿಗೆ ಅನ್ವಯಿಸಲಾರದೆ?

ಆಹಾರ ಮತ್ತು ನೀರು

ಕ್ರೀಡಾಪಟುವಿನ ಆಹಾರವೆಂದೊಡನೆ ಅಂಗಡಿಯ ದುಬಾರಿ ಪುಡಿಗಳು ನೆನಪಾಗುತ್ತವೆ. ಹೆಚ್ಚಿನ ಮಕ್ಕಳಿಗೆ ಅವುಗಳ ಅಗತ್ಯವಿಲ್ಲ. ನಮ್ಮ ಅಡುಗೆಮನೆಯ ಪದಾರ್ಥಗಳಲ್ಲೇ ಬೇಕಾದದ್ದು ಬಹಳಷ್ಟಿದೆ. ಶಕ್ತಿಗೆ ಅನ್ನ, ಚಪಾತಿ, ಅವಲಕ್ಕಿ, ರಾಗಿ ಮುದ್ದೆ. ಸುಣ್ಣದಂಶಕ್ಕೆ ರಾಗಿ, ಹಾಲು, ಮೊಸರು. ಪ್ರೋಟೀನಿಗೆ ಬೇಳೆ, ಹುರುಳಿ ಸಾರು, ಹೆಸರುಬೇಳೆ ಕೋಸಂಬರಿ, ಕಡಲೆ ಉಸಲಿ, ತಿನ್ನುವವರಿಗೆ ಮೊಟ್ಟೆ, ಮೀನು. ಕಬ್ಬಿಣಾಂಶಕ್ಕೆ ಸೊಪ್ಪುಗಳ ಜೊತೆಗೆ ನಿಂಬೆಹಣ್ಣಿನ ರಸ. ಬೆಳೆಯುವ ಹೆಣ್ಣುಮಕ್ಕಳಲ್ಲಿ ಕಬ್ಬಿಣಾಂಶದ ಕೊರತೆ ಸಾಮಾನ್ಯವಾದ್ದರಿಂದ ಅಕಾರಣ ಆಯಾಸ ಕಂಡರೆ ವೈದ್ಯರ ಸಲಹೆಯಂತೆ ರಕ್ತಪರೀಕ್ಷೆ ಮಾಡಿಸುವುದು ಒಳಿತು.

ಕಠಿಣ ತರಬೇತಿಯಲ್ಲಿರುವ ವಯಸ್ಕ ಕ್ರೀಡಾಪಟುಗಳಿಗೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 1.2ರಿಂದ 2 ಗ್ರಾಂ ಪ್ರೋಟೀನ್ ಬೇಕೆಂಬುದು ಕ್ರೀಡಾವೈದ್ಯ ಸಂಸ್ಥೆಗಳ ಅಭಿಪ್ರಾಯ. ಸಸ್ಯಾಹಾರಿಗಳು ಪ್ರತಿ ಊಟದಲ್ಲೂ ಬೇಳೆಕಾಳು ಅಥವಾ ಹಾಲಿನ ಪದಾರ್ಥ ಇರುವಂತೆ ನೋಡಿಕೊಂಡರೆ ಈ ಪ್ರಮಾಣದತ್ತ ಸಾಗಬಹುದು. ಅಭ್ಯಾಸಕ್ಕೆ ಮೊದಲು ಒಂದು ಬಾಳೆಹಣ್ಣು, ನಂತರ ಒಂದು ಗಂಟೆಯೊಳಗೆ ತಿಂಡಿ. ಬೇಸಿಗೆಯಲ್ಲಿ ಉಪ್ಪು ಬೆರೆಸಿದ ಮಜ್ಜಿಗೆ ಅಥವಾ ನಿಂಬೆ ಪಾನಕ. ತೂಕ ಇಳಿಸುವ ಹೆಸರಿನಲ್ಲಿ ಬೆಳೆಯುವ ಮಕ್ಕಳನ್ನು ಅರೆಹೊಟ್ಟೆಯಲ್ಲಿ ಇಡಬಾರದು. ದುಡಿಮೆಗೆ ತಕ್ಕಷ್ಟು ಆಹಾರವಿಲ್ಲದಿದ್ದರೆ ಮೂಳೆ, ಹಾರ್ಮೋನು, ಮನಸ್ಸು ಮೂರೂ ಹದಗೆಡುತ್ತವೆ.

ಪುಡಿ, ಮಾತ್ರೆಗಳ ಬಗೆಗೆ ಇನ್ನೊಂದು ಎಚ್ಚರಿಕೆ ಅಗತ್ಯ. ನಿಷೇಧಿತ ಮದ್ದು ದೇಹದಲ್ಲಿ ಪತ್ತೆಯಾದರೆ, ಅದು ಹೇಗೆ ಸೇರಿತೆಂಬುದು ತಿಳಿಯದಿದ್ದರೂ ಹೊಣೆ ಆಟಗಾರನದೇ ಎಂಬುದು ಉದ್ದೀಪನ ಮದ್ದು ತಡೆ ನಿಯಮಗಳ ಮೂಲಸೂತ್ರ. ವೈದ್ಯರ ಸಲಹೆಯಿಲ್ಲದೆ ಯಾವುದನ್ನೂ ಕೊಳ್ಳಬಾರದು.

ಪಂದ್ಯದ ದಿನದ ಮನಸ್ಸು

ಪಂದ್ಯಕ್ಕೆ ಮುನ್ನ ಎದೆ ಬಡಿತ ಹೆಚ್ಚುವುದು, ಅಂಗೈ ಬೆವರುವುದು ಅಂಜುಬುರುಕತನದ ಗುರುತಲ್ಲ. ದೇಹ ಸಿದ್ಧವಾಗುತ್ತಿರುವ ಸೂಚನೆ. ಅದನ್ನು ಹದದಲ್ಲಿಡಲು ಮೂರು ಸರಳ ಕ್ರಮಗಳು ರೂಢಿಯಲ್ಲಿವೆ.

ಒಂದು, ಉಸಿರು. ಒಳಗೆಳೆದುಕೊಳ್ಳುವ ಉಸಿರಿಗಿಂತ ಹೊರಬಿಡುವ ಉಸಿರು ದೀರ್ಘವಾಗಿರುವಂತೆ ಎರಡು ಮೂರು ನಿಮಿಷ ಉಸಿರಾಡಿದರೆ ಹೃದಯದ ಬಡಿತ ನಿಧಾನವಾಗುತ್ತದೆ. ಪ್ರಾಣಾಯಾಮ ಬಲ್ಲ ಮನೆಗಳಲ್ಲಿ ಇದನ್ನು ಕಲಿಸಲು ಹೊರಗಿನವರು ಬೇಕಾಗಿಲ್ಲ.

ಎರಡು, ಮನೋಚಿತ್ರ. ಹಿಂದಿನ ರಾತ್ರಿ ಕಣ್ಣು ಮುಚ್ಚಿ ಅಂಕಣವನ್ನೂ ತನ್ನ ಹೊಡೆತಗಳನ್ನೂ ಕಲ್ಪಿಸಿಕೊಳ್ಳುವುದು. ಗೆದ್ದು ಬಹುಮಾನ ಪಡೆಯುವ ದೃಶ್ಯವೊಂದೇ ಸಾಲದು. 5-11ರಿಂದ ಹಿಂದೆ ಬಿದ್ದಾಗ ಹೇಗೆ ಆಡಬೇಕೆಂಬುದನ್ನೂ ಕಲ್ಪಿಸಿಕೊಳ್ಳಬೇಕು.

ಮೂರು, ನಿಯತ ಕ್ರಮ. ಚೀಲ ಜೋಡಿಸುವುದು, ಬೆಚ್ಚಗಾಗುವ ವ್ಯಾಯಾಮ, ಸರ್ವ್‌ಗೆ ಮುನ್ನ ಒಂದೇ ರೀತಿ ನಿಲ್ಲುವುದು ಪ್ರತಿ ಬಾರಿಯೂ ಒಂದೇ ಕ್ರಮದಲ್ಲಿರಬೇಕು. ಸ್ಥಳ, ಎದುರಾಳಿ ಬದಲಾದರೂ ತನ್ನ ಕ್ರಮ ಬದಲಾಗಿಲ್ಲವೆಂಬುದೇ ಮನಸ್ಸಿಗೆ ಆಸರೆ.

1980ರ ಆಲ್ ಇಂಗ್ಲೆಂಡ್ ಫೈನಲನ್ನು ಈ ದೃಷ್ಟಿಯಿಂದಲೂ ನೋಡಬಹುದು. ಎದುರಾಳಿ ಕಿಂಗ್ ಹಿಂದಿನ ಎರಡು ವರ್ಷಗಳ ಚಾಂಪಿಯನ್. ನೆಗೆದು ಹೊಡೆಯುವ ಸ್ಮ್ಯಾಷ್‌ಗೆ ಹೆಸರಾದವರು. ಪ್ರಕಾಶ್ ಅವರು ಆ ಬಲದೊಡನೆ ಬಲದಿಂದ ಸೆಣಸದೆ, ನಿಖರತೆ ಮತ್ತು ವೇಗದ ಏರಿಳಿತದಿಂದ ಆಟವನ್ನು ತಮ್ಮ ಹಿಡಿತದಲ್ಲಿ ಇರಿಸಿಕೊಂಡರು. ತನ್ನ ಆಟವನ್ನು ತಾನು ಆಡುವ ಧೈರ್ಯವೂ ಅಭ್ಯಾಸದಿಂದಲೇ ಬರುವಂಥದು.

ಸೋಲು ಮತ್ತು ಗಾಯ

ಮರುವರ್ಷ 1981ರ ಆಲ್ ಇಂಗ್ಲೆಂಡ್ ಫೈನಲಿನಲ್ಲಿ ಅದೇ ಕಿಂಗ್ ಅವರಿಗೆ ಪ್ರಕಾಶ್ ಸೋತರು. ಆ ವರ್ಷವೇ ಅವರು ಕೌಲಾಲಂಪುರದಲ್ಲಿ ಚೀನದ ಹಾನ್ ಜಿಯಾನ್ ಅವರನ್ನು ಸೋಲಿಸಿ ವಿಶ್ವಕಪ್ ಗೆದ್ದರು. ಸೋಲಿಗೆ ಒಂದು ಅವಧಿಯನ್ನು ಕೊಡಬೇಕು. ಸೋತ ದಿನ ದುಃಖಪಡಲಿ. ಮರುದಿನ ದಿನಚರಿ ಪುಸ್ತಕದಲ್ಲಿ ಮೂರು ಕಾರಣ ಬರೆಯಲಿ. ಮೂರನೆಯ ದಿನ ಅಭ್ಯಾಸಕ್ಕೆ ಮರಳಲಿ. ಕುಣಿಯಲಾರದವನು ನೆಲ ಡೊಂಕೆಂದ ಎಂಬ ಗಾದೆ ನಮ್ಮಲ್ಲಿದೆ. ತೀರ್ಪುಗಾರರನ್ನು ದೂರುವ ಮೊದಲು ಈ ಗಾದೆಯನ್ನು ದೊಡ್ಡವರೂ ನೆನೆಯಬೇಕು.

ಗೋಪಿಚಂದ್ ಅವರು 1994ರಲ್ಲಿ ಪುಣೆಯಲ್ಲಿ ಆಡುವಾಗ ಮಂಡಿಗೆ ತೀವ್ರ ಗಾಯ ಮಾಡಿಕೊಂಡರು. ಶಸ್ತ್ರಚಿಕಿತ್ಸೆ, ಚೇತರಿಕೆ, ಮತ್ತೆ ತರಬೇತಿ ಎಂದು ಏಳು ವರ್ಷ ದುಡಿದು 2001ರ ಮಾರ್ಚ್ 11ರಂದು ಚೀನದ ಚೆನ್ ಹಾಂಗ್ ಅವರನ್ನು 15-12, 15-6ರಿಂದ ಸೋಲಿಸಿ ಆಲ್ ಇಂಗ್ಲೆಂಡ್ ಗೆದ್ದರು. ಈ ಅವಧಿಯ ಒಂದು ಭಾಗವನ್ನು ಅವರು ಕಳೆದದ್ದು 1994ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಪ್ರಕಾಶ್ ಪಡುಕೋಣೆ ಅಕಾಡೆಮಿಯಲ್ಲಿ. ಮುಂದೆ ಹೈದರಾಬಾದಿನಲ್ಲಿ ಅವರು ಕಟ್ಟಿದ ಅಕಾಡೆಮಿಯಿಂದ ಒಲಿಂಪಿಕ್ ಪದಕಗಳು ಬಂದವು. ಮಲ್ಲೇಶ್ವರದ ಸಭಾಂಗಣದ ದೀಪದಿಂದ ಹಚ್ಚಿದ ದೀಪಗಳು ಇವು.

ಅನಿಲ್ ಕುಂಬ್ಳೆಯವರು 2002ರಲ್ಲಿ ಆಂಟಿಗಾದಲ್ಲಿ ಒಡೆದ ದವಡೆಗೆ ಪಟ್ಟಿ ಕಟ್ಟಿಕೊಂಡು 14 ಓವರ್ ಬೌಲ್ ಮಾಡಿ ಬ್ರಯಾನ್ ಲಾರಾ ಅವರ ವಿಕೆಟ್ ಪಡೆದದ್ದನ್ನು ನಾವೆಲ್ಲರೂ ಅಭಿಮಾನದಿಂದ ಸ್ಮರಿಸುತ್ತೇವೆ. ಆದರೆ ಅದು ಒಬ್ಬ ಪ್ರೌಢ ಆಟಗಾರ ತಿಳಿದು ಕೈಗೊಂಡ ನಿರ್ಧಾರ. ಮಕ್ಕಳಿಗೆ ನೋವಿನಲ್ಲೂ ಆಡು ಎಂದು ಹೇಳಲು ಅದು ಆಧಾರವಾಗಬಾರದು. ಒಂದೇ ಜಾಗದಲ್ಲಿ ಪದೇ ಪದೇ ಬರುವ ನೋವು, ತಲೆಗೆ ಬಿದ್ದ ಪೆಟ್ಟು, ಊದಿದ ಕೀಲು ಇವುಗಳಿಗೆ ವೈದ್ಯರನ್ನು ಕಾಣುವವರೆಗೆ ಆಟ ನಿಲ್ಲಿಸುವುದೇ ಸರಿ.

ವಿಶ್ರಾಂತಿಯ ಲೆಕ್ಕ

ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯು ವಾರಕ್ಕೆ ಕನಿಷ್ಠ 1ರಿಂದ 2 ದಿನ ಬಿಡುವು ಇರಬೇಕೆಂದೂ, ಮುಖ್ಯ ಆಟದಿಂದ ವರ್ಷದಲ್ಲಿ ಒಟ್ಟು ಸುಮಾರು ಮೂರು ತಿಂಗಳು ಬಿಡಿಬಿಡಿಯಾಗಿ ದೂರವಿರಬೇಕೆಂದೂ ಸಲಹೆ ಮಾಡಿದೆ. ವಾರದ ತರಬೇತಿಯ ಗಂಟೆಗಳು ಮಗುವಿನ ವಯಸ್ಸಿನ ಸಂಖ್ಯೆಯನ್ನು ಮೀರಬಾರದೆಂಬುದು ಕ್ರೀಡಾವೈದ್ಯರು ಹೇಳುವ ಸುಲಭ ಸೂತ್ರ. 12 ವರ್ಷದವರಿಗೆ ವಾರಕ್ಕೆ 12 ಗಂಟೆ ಮೇಲ್ಮಿತಿ. ಬಹು ಬೇಗ ಒಂದೇ ಆಟಕ್ಕೆ ಕಟ್ಟಿಹಾಕದೆ ಹಲವು ಆಟಗಳನ್ನು ಆಡಿಸುವುದು ಶರೀರಕ್ಕೂ ಮನಸ್ಸಿಗೂ ಹಿತ. ನಿದ್ರೆ ಕೆಡುವುದು, ಸಿಡುಕು, ಹಸಿವಿಲ್ಲದಿರುವುದು, ಇಷ್ಟಪಟ್ಟ ಆಟಕ್ಕೂ ಹೋಗಲು ಅಳುವುದು ಎರಡು ವಾರ ಮೀರಿ ಮುಂದುವರಿದರೆ ಅದು ಹಟವಲ್ಲ, ಬಳಲಿಕೆ ಅಥವಾ ಮನೋಕ್ಲೇಶದ ಲಕ್ಷಣವಿರಬಹುದು. 2021ರಲ್ಲಿ ಟೋಕಿಯೊ ಒಲಿಂಪಿಕ್ಸ್‌ನ ನಡುವೆಯೇ ಜಿಮ್ನಾಸ್ಟ್ ಸಿಮೋನ್ ಬೈಲ್ಸ್ ಹಲವು ಸ್ಪರ್ಧೆಗಳಿಂದ ಹಿಂದೆ ಸರಿದರು. 2024ರಲ್ಲಿ ಪ್ಯಾರಿಸ್‌ನಲ್ಲಿ ಮತ್ತೆ ಚಿನ್ನ ಗೆದ್ದರು. ತಕ್ಕ ಸಮಯದಲ್ಲಿ ನಿಲ್ಲುವುದು ಸೋಲಲ್ಲ.

ಓದೋ, ಆಟವೋ?

ಈ ಪ್ರಶ್ನೆಯೇ ಅನೇಕ ಮನೆಗಳಲ್ಲಿ ಆಟವನ್ನು ನಿಲ್ಲಿಸಿದೆ. ಕುಂಬ್ಳೆಯವರು ಬೆಂಗಳೂರಿನ ಆರ್. ವಿ. ಕಾಲೇಜಿನಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿದವರು. ಜಾವಗಲ್ ಶ್ರೀನಾಥ್ ಅವರು ಮೈಸೂರಿನಲ್ಲಿ ಇಂಜಿನಿಯರಿಂಗ್ ಪದವಿ ಪಡೆದವರು. ಎಲ್ಲರಿಗೂ ಇದು ಸಾಧ್ಯವೆಂದು ನಾವು ಹೇಳುತ್ತಿಲ್ಲ. ಆಟ ಮತ್ತು ಓದು ಹುಟ್ಟುವೈರಿಗಳಲ್ಲ ಎಂಬುದಷ್ಟೇ ಇದರ ಅರ್ಥ. ಐದರಿಂದ ಹದಿನೇಳು ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ದೈಹಿಕ ಚಟುವಟಿಕೆ ಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಅದರಲ್ಲಿ ಪರೀಕ್ಷಾ ವರ್ಷಕ್ಕೆ ವಿನಾಯಿತಿ ಇಲ್ಲ. ಹತ್ತನೆಯ ತರಗತಿಯಲ್ಲಿ ಪಂದ್ಯಾವಳಿಗಳನ್ನು ಕಡಿಮೆ ಮಾಡಬಹುದು. ದಿನದ ಒಂದು ಗಂಟೆಯನ್ನು ಕಸಿದುಕೊಳ್ಳಬಾರದು.

ಹದಿನಾಲ್ಕು ವರ್ಷದ ಆಟಗಾರನಿಗೆ ಒಂದು ಮಾದರಿ ದಿನಚರಿ

ಶಾಲೆಯ ವೇಳೆಗೆ ತಕ್ಕಂತೆ ಇದನ್ನು ಹೊಂದಿಸಿಕೊಳ್ಳಬಹುದು.

ಬೆಳಗ್ಗೆ 5.30: ಏಳುವುದು, ನೀರು, ಬಾಳೆಹಣ್ಣು.
ಬೆಳಗ್ಗೆ 6ರಿಂದ 7.15: ಸೋಮವಾರದಿಂದ ಶುಕ್ರವಾರದವರೆಗೆ ಅಭ್ಯಾಸ. ಮೊದಲ 15 ನಿಮಿಷ ಬೆಚ್ಚಗಾಗುವ ವ್ಯಾಯಾಮ, ನಂತರ ಒಂದೇ ಅಂಶದ ಮೇಲೆ ಗಮನ, ಕೊನೆಯಲ್ಲಿ ಮೈಸಡಿಲಿಕೆ.
7.30: ತಿಂಡಿ, ನಂತರ ಶಾಲೆ.
ಸಂಜೆ 5ರಿಂದ 6: ವಾರದಲ್ಲಿ ಮೂರು ದಿನ ಓಟ, ಹಗ್ಗದಾಟ, ದೇಹಭಾರದ ವ್ಯಾಯಾಮ, ಉಳಿದ ದಿನ ಗೆಳೆಯರೊಡನೆ ಇಷ್ಟದ ಆಟ.
6.30ರಿಂದ 8: ಓದು.
8: ಎಲ್ಲರೊಡನೆ ಊಟ.
9: ಫೋನ್ ಬೇರೆ ಕೋಣೆಗೆ, ದಿನಚರಿ ಪುಸ್ತಕ ಐದು ನಿಮಿಷ.
9.15: ನಿದ್ರೆ.
ಶನಿವಾರ ಎರಡು ಗಂಟೆ ಪಂದ್ಯಾಭ್ಯಾಸ. ಭಾನುವಾರ ಪೂರ್ಣ ಬಿಡುವು.

ಇದರಲ್ಲಿ ತರಬೇತಿಯ ಒಟ್ಟು ಅವಧಿ ವಾರಕ್ಕೆ ಹನ್ನೊಂದೂಕಾಲು ಗಂಟೆ; ನಿದ್ರೆ ರಾತ್ರಿಗೆ ಎಂಟೂಕಾಲು ಗಂಟೆ. ಮೇಲೆ ಹೇಳಿದ ಮಿತಿಗಳೊಳಗೆ ಎರಡೂ ಬರುತ್ತವೆ.

ಮನೆಯವರ ಮತ್ತು ಸಂಘಗಳ ಪಾಲು

ಪಂದ್ಯ ಮುಗಿಸಿ ಮನೆಗೆ ಮರಳುವ ದಾರಿಯಲ್ಲಿ ತಂದೆತಾಯಿ ಆಡುವ ಮಾತು ಮಗುವಿನ ಮನಸ್ಸಿನಲ್ಲಿ ಬಹುಕಾಲ ಉಳಿಯುತ್ತದೆ. 'ಗೆದ್ದೆಯಾ?' ಎಂಬ ಪ್ರಶ್ನೆಗೆ ಮೊದಲು 'ಹಸಿವಾಗಿದೆಯೇ?' ಎಂದು ಕೇಳುವುದು ಮೇಲು. ತಪ್ಪುಗಳ ವಿಶ್ಲೇಷಣೆ ತರಬೇತುದಾರರ ಕೆಲಸ. ಪಕ್ಕದ ಮನೆಯ ಮಗುವಿನೊಡನೆ ಹೋಲಿಕೆ ಯಾರ ಕೆಲಸವೂ ಅಲ್ಲ. ಹೊಗಳುವಾಗ 'ನೀನು ಹುಟ್ಟು ಪ್ರತಿಭಾವಂತ' ಎನ್ನುವುದಕ್ಕಿಂತ 'ಆ ಹೊಡೆತಕ್ಕಾಗಿ ಚೆನ್ನಾಗಿ ದುಡಿದೆ' ಎನ್ನುವುದು ಮಗುವನ್ನು ಮುಂದೆ ಕೊಂಡೊಯ್ಯುತ್ತದೆ. ತರಬೇತಿ ಶಿಬಿರವನ್ನು ಆರಿಸುವಾಗ ಸುರಕ್ಷತೆ, ಮಹಿಳಾ ತರಬೇತುದಾರರ ಉಪಸ್ಥಿತಿ, ಪ್ರಥಮ ಚಿಕಿತ್ಸೆಯ ವ್ಯವಸ್ಥೆ ಇವನ್ನೂ ವಿಚಾರಿಸಬೇಕು.

ಹೊರನಾಡಿನ ಬಹಳಷ್ಟು ಕನ್ನಡ ಸಂಘಗಳಿಗೆ ತಮ್ಮದೇ ಸಭಾಂಗಣಗಳಿವೆ. ರಾಜ್ಯೋತ್ಸವ, ಯಕ್ಷಗಾನ, ಮದುವೆ ಮುಂಜಿಗಳ ದಿನಗಳನ್ನು ಬಿಟ್ಟರೆ ವಾರದ ನಡುವೆ ಅವುಗಳ ಬಾಗಿಲು ಮುಚ್ಚಿರುವುದೇ ಹೆಚ್ಚು. ಒಂದು ಸಮುದಾಯದ ಸಭಾಂಗಣ ಬಿಡುವಿನ ದಿನಗಳಲ್ಲಿ ತನ್ನ ನೆಲವನ್ನು ಮಕ್ಕಳಿಗೆ ಬಿಟ್ಟುಕೊಟ್ಟುದರಿಂದ ದೇಶಕ್ಕೆ ಒಬ್ಬ ಆಲ್ ಇಂಗ್ಲೆಂಡ್ ಚಾಂಪಿಯನ್ ದೊರೆತರು. ಎಲ್ಲ ಸಭಾಂಗಣಗಳಲ್ಲೂ ಚಾಂಪಿಯನ್ನರು ಹುಟ್ಟುವುದಿಲ್ಲ, ಹುಟ್ಟಬೇಕಾಗಿಯೂ ಇಲ್ಲ. ಸಂಜೆ ಎರಡು ಗಂಟೆ ಒಂದು ಟೇಬಲ್ ಟೆನಿಸ್ ಮೇಜು, ಒಂದು ಬಲೆ, ಗಮನಿಸಲು ಒಬ್ಬ ಹಿರಿಯರು ಇದ್ದರೆ ಹತ್ತಿಪ್ಪತ್ತು ಮಕ್ಕಳು ಸೋಲನ್ನು ತಾಳಿಕೊಳ್ಳುವುದನ್ನೂ, ಸಮಯ ಪಾಲನೆಯನ್ನೂ, ಅದರೊಡನೆ ಪರಸ್ಪರ ಕನ್ನಡದಲ್ಲಿ ಮಾತನಾಡುವುದನ್ನೂ ಕಲಿತಾರು. ನಮ್ಮ ಸಂಘಗಳ ಕಾರ್ಯಕಾರಿ ಸಮಿತಿಗಳು ಈ ವಿಷಯವನ್ನು ಮುಂದಿನ ಸಭೆಯಲ್ಲಿ ಪರಿಶೀಲಿಸಲಿ ಎಂದು ಕೋರುತ್ತೇವೆ.